ಅಜ್ಜಿಯ ಕಿವಿಯಿಂದ ಓದುತ್ತಿದ್ದ ತಮ್ಮ

ರಸ್ತೆ ಪಕ್ಕದ ಬೋರ್ಡನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ನನಗೆ ಈಗಲೂ ಬೆನ್ನು ಬೆವರುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಮಗು ಕಿಟಕಿಯಾಚೆಯ ಅಂಗಡಿಗಳ ಹೆಸರನ್ನು ಒಂದೊಂದಾಗಿ ಓದುತ್ತಿರುತ್ತದೆ. ಅದರ ತಾಯಿ ಹೆಮ್ಮೆಯಿಂದ ನನ್ನತ್ತ ನೋಡುತ್ತಾಳೆ. ನನಗೆ ನಗಲು ಆಗುವುದಿಲ್ಲ. "ಏನು ಓದಿದೆ ಪುಟ್ಟಾ, ಹಂಗಂದ್ರೇನು ಹೇಳು" ಎಂದು ಕೇಳಿಬಿಡುತ್ತೇನೆ. ಮಗು ಹೇಳಿದರೆ ಉಸಿರು ಬಿಡುತ್ತೇನೆ. ಇವಳು ಯಾವುದೋ ಸ್ಕೂಲಿನ ಮೇಡಮ್ಮು ಇರಬೇಕು ಎಂದು ತಾಯಿ ಮುಖ ತಿರುಗಿಸುತ್ತಾಳೆ. ಮೇಡಮ್ಮು ಆಗಿದ್ದೆ, ನಿಜ. ಆದರೆ ಆ ಪ್ರಶ್ನೆ ಸ್ಕೂಲಿನಿಂದ ಬಂದದ್ದಲ್ಲ.

ನನ್ನ ತಮ್ಮ ನನಗಿಂತ ಐದಾರು ವರ್ಷ ಚಿಕ್ಕವನು. "ಅವ್ವ" ಎಂದು ಕರೆಯುವ ಮೊದಲೇ ಅವನು ಅಕ್ಷರ ಓದಿದ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ನಮ್ಮೂರಲ್ಲಿ ಮಾತ್ರ ನಂಬುತ್ತಿದ್ದರು, ಏಕೆಂದರೆ ಎಲ್ಲರೂ ಕಣ್ಣಾರೆ ಕಂಡಿದ್ದರು. ನಾನು ಜಗಲಿಯ ಮೇಲೆ ಕೂತು ಬೆರಳಿಟ್ಟುಕೊಂಡು ಪಾಠ ಓದುವಾಗ ಅವನು ನನ್ನ ಹೆಗಲ ಹಿಂದೆ ನಿಂತಿರುತ್ತಿದ್ದ. ಬಾಯಿ ಬಾರದ ಮಗು ಎಂದು ಅವ್ವ ಕಂಡ ಕಂಡ ದೇವರಿಗೆ ಹರಕೆ ಹೊತ್ತಿದ್ದಳು. ಒಂದು ದಿನ ಅಡುಗೆಮನೆಯಲ್ಲಿದ್ದ ಸೀಮೆಎಣ್ಣೆ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಮೇಲಿದ್ದದ್ದನ್ನೆಲ್ಲ ಪಟಪಟನೆ ಓದಿದ. ಅವ್ವ ಸೌಟು ಕೈಬಿಟ್ಟಳು. ಅಪ್ಪ ಹೊಲದಿಂದ ಓಡಿ ಬಂದ. ಆಮೇಲೆ ಎಷ್ಟೋ ದಿನ ಬಂದವರಿಗೆಲ್ಲ ಆ ಡಬ್ಬಿ ಓದಿ ತೋರಿಸಿದ್ದೇ ತೋರಿಸಿದ್ದು.

ಮಾತು ಬಂದ ಮೇಲೂ ಅದು ಅವನ ಮಾತಾಗಿರಲಿಲ್ಲ. "ಉಂಡ್ಯಾ ಮಗಾ?" ಎಂದರೆ "ಉಂಡ್ಯಾ ಮಗಾ" ಎನ್ನುತ್ತಿದ್ದ. ಹಸಿವಾದರೆ ಬಂದು ಅವ್ವನ ಎದುರು ನಿಂತು "ಉಂಡ್ಯಾ ಮಗಾ" ಎಂದು ಅವಳನ್ನೇ ಕೇಳುತ್ತಿದ್ದ. ಮನೆಯವರು ಇದನ್ನು ಆಟ ಎಂದುಕೊಂಡರು. ಓದು ಬರುವವನಿಗೆ ಮಾತು ಬರದೇ ಇರುತ್ತದೆಯೇ, ಸೋಂಬೇರಿತನ ಅಷ್ಟೆ ಎಂದರು.

ಸ್ಕೂಲಿನಲ್ಲೂ ಇದೇ ಕಥೆ. ಓದಿಸಿದರೆ ಅವನೇ ಮುಂದು. ಉಕ್ತಲೇಖನ ಬರೆಸಿದರೆ ಒಂದು ತಪ್ಪಿಲ್ಲ. ಪ್ರಶ್ನೆಗೆ ಉತ್ತರ ಬರೆ ಎಂದರೆ ಪ್ರಶ್ನೆಯನ್ನೇ ಇನ್ನೊಮ್ಮೆ ಅಂದವಾಗಿ ಬರೆದಿಡುತ್ತಿದ್ದ. ಇನ್‌ಸ್ಪೆಕ್ಟರು ಬಂದ ದಿನ ಮೇಷ್ಟ್ರು ಅವನನ್ನೇ ಮೊದಲು ಎಬ್ಬಿಸಿದರು. ಓದಿ ಮುಗಿಸಿದ. ಇನ್‌ಸ್ಪೆಕ್ಟರು ತಲೆದೂಗಿ, "ಏನು ಓದಿದೆ ಹೇಳಪ್ಪ" ಎಂದರು. ಅವನು ಮತ್ತೆ ಮೊದಲಿನಿಂದ, ಇನ್ನೂ ಗಟ್ಟಿಯಾಗಿ ಓದಿದ. "ಭೇಷ್, ಭಯವೇ ಇಲ್ಲ ಹುಡುಗನಿಗೆ" ಎಂದು ಬೆನ್ನು ತಟ್ಟಿ ಪೆನ್ಸಿಲು ಕೊಟ್ಟುಹೋದರು. ಹೀಗೆ ತರಗತಿಯಿಂದ ತರಗತಿಗೆ ಅವನನ್ನು ತಳ್ಳಿದರು.

ಒಂದು ವಿಷಯ ಹೇಳಬೇಕು. ನಮ್ಮ ಕಡೆ ಪುರಾಣ ಓದಿಸುವಾಗ ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಮಳೆ ತಡವಾದರೆ ಊರವರೆಲ್ಲ ಸೇರಿ ಓದಿಸುತ್ತಿದ್ದರು. ನನ್ನ ತಮ್ಮನ ಹಣೆಗೆ ವಿಭೂತಿ ಹಚ್ಚಿ ಮಣೆಯ ಮೇಲೆ ಕೂರಿಸುತ್ತಿದ್ದರು. ಅವನು ಓದಿದ ಕಡೆಯ ಪದ ನಿಂತ ಕೂಡಲೇ ಪಕ್ಕದಲ್ಲಿ ಕೂತ ಪಟೇಲರ ಅಣ್ಣ ಅರ್ಥ ಹೇಳಲು ಶುರುಮಾಡುತ್ತಿದ್ದರು. ಅವರಿಗೆ ಅಕ್ಷರ ಬಾರದು, ಕೇಳಿ ಕೇಳಿಯೇ ಎಲ್ಲ ಬರುತ್ತಿತ್ತು. ಓದುವವನಿಗೆ ಅರ್ಥ ಗೊತ್ತೋ ಇಲ್ಲವೋ ಎಂದು ಕೇಳಬೇಕೆಂದು ಆ ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅದು ಅವನ ಕೆಲಸವೇ ಆಗಿರಲಿಲ್ಲವಲ್ಲ.

ಮನೆಯಲ್ಲಿ ಅರ್ಥ ಹೇಳುವ ಕೆಲಸ ಅಜ್ಜಿಯದು. ಅಪ್ಪನ ಅವ್ವ. ಅವಳಿಗೂ ಅಕ್ಷರ ಬಾರದು. ಚನ್ನರಾಯಪಟ್ಟಣದ ಸೀಮೆಯಿಂದ ಮದುವೆಯಾಗಿ ಬಂದವಳು, ವ್ಯವಹಾರದಲ್ಲಿ ಗಂಡಸರನ್ನೂ ಮೀರಿಸಿದವಳು. ಎಲ್ಲಿಗೆ ಹೋದರೂ ಮೊಮ್ಮಗನ ತೋಳು ಹಿಡಿದುಕೊಂಡೇ ಹೋಗುತ್ತಿದ್ದಳು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಬಸ್ಸುಗಳ ಮುಂದೆ ಒಂದೊಂದಾಗಿ ನಡೆಸುವಳು. ಅವನು ಓದುವನು: "ಅರಕಲಗೂಡು." ಅಜ್ಜಿ ತೋಳನ್ನು ಮುಂದಕ್ಕೆ ಎಳೆಯುವಳು. "ಬೇಲೂರು." ಮುಂದಕ್ಕೆ. "ಹೊಳೇನರಸೀಪುರ." ಅಜ್ಜಿ ತೋಳು ಅದುಮಿದಳೆಂದರೆ ಅವನು ನಿಲ್ಲುವನು.

"ಅಜ್ಜೀ, ಒಳ್ಳೆ ಕನ್ನಡಕ ಮಡಗಿದ್ದೀಯ ಬುಡು, ಒರಸಂಗಿಲ್ಲ, ಒಡ್ಯಂಗಿಲ್ಲ" ಎಂದು ಕಂಡಕ್ಟರು ರೇಗಿಸುತ್ತಿದ್ದ.

"ನಿನ್ಗ್ಯಾಕ್ಲಾ ಒಟ್ಟೆಉರಿ? ನಿಮ್ ಅಜ್ಜೀಗೂ ಒಂದ್ ಕೊಡ್ಸು" ಎನ್ನುತ್ತಿದ್ದಳು ಅಜ್ಜಿ.

ನಾನು ಹಾಸನದಲ್ಲಿ ಮಾವನ ಮನೆಯಲ್ಲಿದ್ದುಕೊಂಡು ಇಂಟರ್‌ಮೀಡಿಯಟ್ ಓದುವಾಗ ಇದೆಲ್ಲ ಬೇರೆಯಾಗಿ ಕಾಣತೊಡಗಿತು. ರಜೆಗೆ ಬಂದಾಗ ಅವರಿಬ್ಬರ ಹಿಂದೆ ನಡೆಯುತ್ತ ನೋಡಿದೆ. ಓದುತ್ತಿದ್ದದ್ದು ಅವನ ಬಾಯಿ. ಅರ್ಥವಾಗುತ್ತಿದ್ದದ್ದು ಅಜ್ಜಿಯ ಕಿವಿಗೆ. ನಡೆಯಬೇಕೋ ನಿಲ್ಲಬೇಕೋ ಎಂದು ಅವನಿಗೆ ತಿಳಿಯುತ್ತಿದ್ದದ್ದು ತೋಳಿನ ಮೇಲಿದ್ದ ಅವಳ ಕೈಯಿಂದ. ಇಬ್ಬರೂ ಸೇರಿ ಒಬ್ಬ ಓದುಗ. ಅವಳಿಗೂ ಇದು ಗೊತ್ತಿರಲಿಲ್ಲ. ತನ್ನ ಮೊಮ್ಮಗ ತನಗೆ ಎಲ್ಲ ಓದಿ ಹೇಳುತ್ತಾನೆ ಎಂದೇ ನಂಬಿದ್ದಳು.

ಅಪ್ಪನಿಗೆ ಹೇಳಿದೆ. "ಓದೋನ್ಗೆ ಅರ್ಥ ಆಗ್ದೆ ಇದ್ದಾತಾ? ನಾಕಕ್ಷರ ಕಲ್ತು ನಂಗೇ ಪಾಠ ಏಳೀಯ?" ಎಂದ. ಮಾವನನ್ನು ಕಾಡಿ ಬೇಡಿ ತಮ್ಮನನ್ನು ಹಾಸನದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೇಜಿನ ಮೇಲಿದ್ದ ಪತ್ರಿಕೆ ಅವನ ಕೈಗೆ ಕೊಟ್ಟರು. ಅವನು ಟೆಂಡರಿನ ಪ್ರಕಟಣೆಯೊಂದನ್ನು ಮೊದಲಿನಿಂದ ಕೊನೆಯವರೆಗೆ, ಕೆಳಗಿನ ಅಧಿಕಾರಿಯ ಹುದ್ದೆಯ ಸಮೇತ ಓದಿದ.

"ಇವನಿಗೇನಮ್ಮ ಆಗಿದೆ? ನನಗಿಂತ ಚೆನ್ನಾಗಿ ಓದ್ತಾನಲ್ಲ."

"ಅರ್ಥ ಆಯ್ತಾ ಅಂತ ಕೇಳಿ ಸಾರ್" ಎಂದೆ.

"ಏನಪ್ಪಾ, ಅರ್ಥ ಆಯ್ತಾ?"

"ಅರ್ಥ ಆಯ್ತಾ" ಎಂದ ತಮ್ಮ.

ಡಾಕ್ಟರು ಕುರ್ಚಿ ಅಲ್ಲಾಡುವ ಹಾಗೆ ನಕ್ಕರು. "ನನ್ನನ್ನೇ ಕೇಳ್ತಾನೆ! ಭಾರೀ ಹುಷಾರಿ." ಟಾನಿಕ್ಕು ಬರೆದುಕೊಟ್ಟರು. ಮನೆಗೆ ಬಂದ ಮೇಲೆ ಮಾವ ಅತ್ತೆಗೆ, "ಇವಳಿಗೆ ತಮ್ಮನ ಮೇಲೆ ಹೊಟ್ಟೆಕಿಚ್ಚು" ಎಂದದ್ದು ಕೇಳಿಸಿತು.

ಇಂಥವರು ಇದ್ದಾರೆ, ಇದಕ್ಕೊಂದು ಹೆಸರಿದೆ, ಓದುವ ಶಕ್ತಿ ಬೇರೆ ತಿಳಿಯುವ ಶಕ್ತಿ ಬೇರೆ ಎಂದು ಯಾರಾದರೂ ದೊಡ್ಡವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಆ ಹೆಸರು ಸಿಕ್ಕಿದ್ದು ತಲೆ ನರೆತ ಮೇಲೆ. ಆಗ ನನ್ನ ಹತ್ತಿರ ಇದ್ದದ್ದು ಕಂಡದ್ದು ಮಾತ್ರ, ಮತ್ತು ಕಂಡದ್ದನ್ನು ಯಾರಿಗೂ ತೋರಿಸಲಾಗದ ಸಿಟ್ಟು.

ಅವನ ಮೆಟ್ಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವನ ಅಂಗಾಲಿಗೆ ನೆಲ ಸೋಕುವಂತಿರಲಿಲ್ಲ. ಮಣ್ಣಾಗಲಿ ಕಲ್ಲಾಗಲಿ ಸೋಕಿದರೆ ಕೆಂಡ ತುಳಿದವನ ಹಾಗೆ ಕಿರುಚುವನು. ನಮ್ಮೂರಲ್ಲಿ ದೊಡ್ಡವರೇ ಬರಿಗಾಲಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಅವನಿಗೆ ಚಿಕ್ಕಂದಿನಿಂದ ಚರ್ಮದ ಮೆಟ್ಟು. ಆದರೆ ಅಜ್ಜಿ ಮೆಟ್ಟು ಮೆಟ್ಟಿಕೊಂಡು ಹೊಸಲು ದಾಟಲು ಬಿಡುವವಳಲ್ಲ. ಹೊಸಲ ಒಳಗೆ ಗೋಣಿತಾಟು ಹಾಸಿ, ಹೊಸಲ ಹೊರಗೆ ಅವನ ಹೆಗಲು ಅದುಮಿ ಕೆಳಕ್ಕೆ ಬಗ್ಗಿಸಿ, ರಾಗವಾಗಿ, "ಮೆಟ್ ಬುಡು ಮಗಾ... ಮೆಟ್ ಬುಡು" ಎನ್ನುತ್ತ ಕೈಯಿಂದ ಬಿಡಿಸುವಳು. ನಮ್ಮ ಮನೆ, ನೆಂಟರ ಮನೆ, ಕಟ್ಟಾಯದಲ್ಲಿದ್ದ ಸೋದರತ್ತೆಯ ಮನೆ, ಗುಡಿ, ಎಲ್ಲ ಕಡೆ ಇದೇ. ಎಷ್ಟು ವರ್ಷ ಹಿಡಿಯಿತೋ. ಕೊನೆಗೆ ಆ ರಾಗ ಕಿವಿಗೆ ಬಿದ್ದರೆ ಸಾಕು, ಅವನು ಇದ್ದಲ್ಲೇ ನಿಂತು, ಬಗ್ಗಿ, ಎರಡೂ ಮೆಟ್ಟು ಬಿಚ್ಚಿ, ತುದಿ ಹೊರಗೆ ಮುಖ ಮಾಡುವಂತೆ ಜೋಡಿಸಿ, ಸೊಟ್ಟ ಕಂಡರೆ ಸರಿಮಾಡಿ, ಆಮೇಲೆ ಏಳುವನು. ಮನೆಯಲ್ಲಿ ಅವನು ಮಾತಿಗೆ ಸರಿಯಾಗಿ ನಡೆಯುತ್ತಿದ್ದದ್ದು ಇದೊಂದರಲ್ಲೇ ಎಂದರೂ ತಪ್ಪಿಲ್ಲ.

ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬರುವಷ್ಟರಲ್ಲಿ ಎರಡು ಸಂಗತಿ ಆಗಿದ್ದವು. ಅಪ್ಪ ಹೊಳೇನರಸೀಪುರದ ಒಂದು ಕಚೇರಿಯಲ್ಲಿ ತಮ್ಮನಿಗೆ ಜವಾನನ ಕೆಲಸ ಗೊತ್ತುಮಾಡಿದ್ದ. ಅಲ್ಲಿಯ ದೊಡ್ಡ ಗುಮಾಸ್ತರು ಅವನ ಓದು ಕೇಳಿ ಮೆಚ್ಚಿಕೊಂಡಿದ್ದರಂತೆ. ಪರಿಚಯದವರ ಮನೆಯ ಒಂದು ಕೋಣೆಯಲ್ಲಿ ಇರುವುದು, ದಿನಾ ರೈಲುಕಂಬಿ ದಾಟಿ ಕಚೇರಿಗೆ ನಡೆದು ಹೋಗುವುದು, ಒಬ್ಬನೇ. ಆಗ ಅವನಿಗೆ ಹದಿನೇಳೋ ಹದಿನೆಂಟೋ. ಇನ್ನೊಂದು, ಅಜ್ಜಿಗೆ ಮುಕ್ಕಾಲುಪಾಲು ಕಿವಿ ಹೋಗಿತ್ತು.

ಮನೆಯವರು ಯಾರೂ ಅದನ್ನು ಗಮನಿಸಿರಲಿಲ್ಲ. ಅಜ್ಜಿ ಜಾಣೆ, ತುಟಿ ನೋಡಿ, ಮುಖ ನೋಡಿ ಅಂದಾಜಿನಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಬಂದ ದಿನ ಹಿಂದಿನಿಂದ ಕರೆದೆ. ತಿರುಗಲಿಲ್ಲ. ಎದುರು ಹೋಗಿ ಮೈಸೂರಿನ ಸುದ್ದಿ ಹೇಳಿದರೆ, "ಊಂ ಕಣವ್ವ, ಈ ಸಲ ರಾಗಿ ಚೆಂದಾಗದೆ" ಎಂದಳು. ಅವ್ವ ನಕ್ಕಳು. ನಾನು ನಗಲಿಲ್ಲ. ಅಪ್ಪನಿಗೆ ಮತ್ತೆ ಹೇಳಿದೆ: ಕೆಲಸ ಬೇಡ, ರೈಲುಕಂಬಿ ಇದೆ, ಅವನು ಒಬ್ಬನೇ ದಾಟಲಾರ. "ಗೇಟಿನ ತಾವ ಬೋರ್ಡ್ ಆಕವ್ರೆ ಕಣವ್ವ. ಓದ್ಕಂಡು ದಾಟ್ತಾನೆ. ಓದ್ ಬಾರದ ನಾವೇ ದಾಟಿಲ್ವಾ?" ಎಂದ.

ಅದೇ ತಿಂಗಳಲ್ಲಿ ಅಜ್ಜಿಯ ತಂಗಿಯ ಮನೆಯಲ್ಲಿ ನಾಮಕರಣ. ಚನ್ನರಾಯಪಟ್ಟಣಕ್ಕೆ ಅಜ್ಜಿ, ತಮ್ಮ, ನಾನು ಹೊರಟೆವು. ಬೆಳಿಗ್ಗೆ ಹೊರಡುವಾಗ ಅವನ ಎಡಗಾಲಿನ ಮೆಟ್ಟಿನ ಬಾರು ಕಿತ್ತುಹೋಯಿತು. "ಬುಡತ್ತೆ, ಒಂದಿನ ಕಾಲ್ಗೆ ಬಟ್ಟೆ ಸುತ್ಕಂಡು ಬರ್ಲಿ. ಬಸ್ಸಲ್ಲಿ ತಾನೆ ಓಗೋದು?" ಎಂದಳು ಅವ್ವ. ಅಜ್ಜಿಗೆ ಅದು ಕೇಳಿಸಲೇ ಇಲ್ಲ. ದನದ ಹಟ್ಟಿಯಿಂದ ಒಂದು ತುಂಡು ಹುರಿ ತಂದು, ಹಲ್ಲಿನಲ್ಲಿ ಕಚ್ಚಿ ಎಳೆದು, ಬಾರು ಕಟ್ಟಿದಳು. ಇದನ್ನು ನೆನಪಿನಲ್ಲಿಡಿ ಎಂದು ಓದುವವರನ್ನು ಕೇಳಿಕೊಳ್ಳುತ್ತೇನೆ. ನಾನಂತೂ ಮರೆತಿಲ್ಲ.

ಹೊಳೇನರಸೀಪುರ ಬಿಟ್ಟು ಸುಮಾರು ದೂರ ಹೋದ ಮೇಲೆ ಬಸ್ಸು ನಿಂತಿತು. ರಸ್ತೆ ಅಗಲ ಮಾಡಲು ಗುಡ್ಡದ ಬಂಡೆ ಒಡೆಯುತ್ತಿದ್ದರು. ಮದ್ದು ಸಿಡಿಸುವವರೆಗೆ ಕಾಯಬೇಕು ಎಂದು ಕಂಡಕ್ಟರು ಎಲ್ಲರನ್ನೂ ಇಳಿಸಿದ. ಹುಣಸೆಮರದ ನೆರಳಿನಲ್ಲಿ ಜನ ಕೂತರು. ಕೆಲವರು ಎಲೆಅಡಿಕೆ ಬಿಚ್ಚಿದರು. ಮಗುವಿಗೆಂದು ತಂದ ಬೆಳ್ಳಿಯ ಕಡಗ ಇದ್ದ ಚೀಲ ಸೀಟಿನ ಕೆಳಗಿತ್ತು. ಅದನ್ನು ತರಲು ನಾನು ಬಸ್ಸಿನೊಳಕ್ಕೆ ಹೋದೆ. ಇಳಿದು ಬರುವಷ್ಟರಲ್ಲಿ ಅವರಿಬ್ಬರೂ ಮರದ ಕೆಳಗೆ ಇರಲಿಲ್ಲ.

ರಸ್ತೆಯ ತಿರುವಿನ ಹತ್ತಿರ ಒಂದು ಹಲಗೆ ನೆಟ್ಟಿದ್ದರು, ಪಕ್ಕದಲ್ಲಿ ಗಳಕ್ಕೆ ಕಟ್ಟಿದ ಕೆಂಪು ಬಟ್ಟೆ. ತಮ್ಮ ಅದರ ಮುಂದೆ ನಿಂತಿದ್ದ. ಅಕ್ಷರ ಎಲ್ಲಿ ಕಂಡರೂ ಹೋಗಿ ನಿಲ್ಲುವವನು ಅವನು. ಅಜ್ಜಿ ಎಂದಿನಂತೆ ಅವನ ತೋಳು ಹಿಡಿದಿದ್ದಳು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಅವನ ಧ್ವನಿ ಸ್ಪಷ್ಟವಾಗಿ ಕೇಳಿಸಿತು.

"ಅಪಾಯ. ಬಂಡೆ ಸಿಡಿಸುವ ಸ್ಥಳ. ಕೆಂಪು ಬಾವುಟ ಇರುವಾಗ ಮುಂದೆ ಹೋಗಕೂಡದು."

ಒಂದಕ್ಷರ ತಡವರಿಸಲಿಲ್ಲ. ಮಳೆಗಾಗಿ ಪುರಾಣ ಓದುತ್ತಿದ್ದ ಅದೇ ಧ್ವನಿ. ಓದಿ ಮುಗಿಸಿ, ಕೆಂಪು ಬಾವುಟವನ್ನು ದಾಟಿ, ಅವನು ಮುಂದೆ ನಡೆದ. ಅಜ್ಜಿಯೂ ನಡೆದಳು.

ಗುಡ್ಡದ ಮೇಲಿಂದ ಯಾರೋ ಸೀಟಿ ಊದಿದರು. ಕೆಲಸದ ಆಳುಗಳು ಅತ್ತ ಬದಿಯ ಹಳ್ಳದಲ್ಲಿ ಅವಿತು ಕೂತಿದ್ದರು, ಅಲ್ಲಿಂದ ಕೂಗಿದರು. "ಏಯ್, ಮದ್ದಿಗೆ ಬತ್ತಿ ಅಚ್ಚಾಯ್ತು! ಬರ್ಬ್ಯಾಡಿ, ಇಂದಕ್ಕೋಗಿ!" ಅಜ್ಜಿಗೆ ಯಾವುದೂ ಕೇಳಿಸುವಂತಿರಲಿಲ್ಲ. ತಮ್ಮನಿಗೆ ಕೇಳಿಸಿತು. "ಬರ್ಬ್ಯಾಡಿ ಇಂದಕ್ಕೋಗಿ" ಎಂದು ಅದನ್ನೇ ಹೇಳಿಕೊಳ್ಳುತ್ತ ನಡೆಯುತ್ತಲೇ ಇದ್ದ.

ನಾನು ಓಡಿದೆ. ಯಾರೋ ಸೆರಗು ಹಿಡಿದು ಜಗ್ಗಿದರು. "ಓಗ್ಬ್ಯಾಡ ಕಣವ್ವಾ, ನೀನೂ ಸಾಯ್ತೀಯ!" ಸೆರಗು ಹರಿಯಿತು. ಬೋರ್ಡಿನ ಹತ್ತಿರ ಬಂದೆ. "ನಿಂತ್ಕೋ" ಎಂದು ಕಿರುಚಿದೆ. "ನಿಂತ್ಕೋ" ಎಂದ ಅವನು, ಬೆನ್ನು ತಿರುಗಿಸಿಕೊಂಡೇ. "ಮುಂದೆ ಹೋಗ್ಬೇಡ!" "ಮುಂದೆ ಹೋಗ್ಬೇಡ." ನನ್ನ ಒಂದೊಂದು ಕೂಗೂ ನನಗೇ ವಾಪಸು ಬರುತ್ತಿತ್ತು, ಮತ್ತು ಅವರ ಬೆನ್ನು ಚಿಕ್ಕದಾಗುತ್ತಿತ್ತು. ಅವರು ನಡೆಯುತ್ತಿದ್ದದ್ದು ನೇರವಾಗಿ ಬಂಡೆಯ ಬುಡಕ್ಕೆ.

ಆಮೇಲೆ ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. ಕಾಲೇಜಿನಲ್ಲಿ ತಿದ್ದಿಕೊಂಡ ಕನ್ನಡ ಅಲ್ಲ, ನನ್ನ ಧ್ವನಿಯೇ ಅಲ್ಲ. ಅಜ್ಜಿಯ ರಾಗ.

"ಮೆಟ್ ಬುಡು ಮಗಾ... ಮೆಟ್ ಬುಡು!"

ಅವನು ನಿಂತ. ರಸ್ತೆಯ ನಟ್ಟನಡುವೆ ಬಗ್ಗಿದ. ತೋಳು ಹಿಡಿದಿದ್ದ ಅಜ್ಜಿ ಮುಗ್ಗರಿಸಿ ಅವನ ಮೇಲೆ ವಾಲಿದಳು. ಅವನು ಮೊದಲು ಬಲಗಾಲಿನ ಮೆಟ್ಟು ಬಿಚ್ಚಿದ. ಎಡಗಾಲಿನದಕ್ಕೆ ಹುರಿಯ ಗಂಟು ಬಿದ್ದಿತ್ತು. ಅದನ್ನು ಬಿಡಿಸುತ್ತ ಕೂತ. ಅಜ್ಜಿಯೂ ಏನಾಯಿತೆಂದು ನೋಡಲು ಅವನ ಪಕ್ಕ ಕುಕ್ಕರಿಸಿದಳು. ಆಗ ಗುಡ್ಡ ಸಿಡಿಯಿತು.

ಅದರ ಸದ್ದು ನನಗೆ ನೆನಪಿಲ್ಲ. ಆಕಾಶ ಕಂದುಬಣ್ಣವಾಗಿ, ಕಲ್ಲು ಮೇಲಕ್ಕೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತ ಹಾಗೆ ಕಂಡದ್ದು ನೆನಪಿದೆ. ಅವರು ನಡೆಯುತ್ತ ಹೋಗಿದ್ದರೆ ಎಲ್ಲಿರುತ್ತಿದ್ದರೋ ಆ ಜಾಗದಲ್ಲಿ ಎತ್ತಿನಗಾಡಿಯಷ್ಟು ದೊಡ್ಡ ಬಂಡೆ ಬಂದು ಕೂತಿತು. ಚೂರುಗಳು ನಮ್ಮ ಸುತ್ತ ಬಿದ್ದವು. ಒಂದು ಅಜ್ಜಿಯ ಮೊಣಕಾಲ ಕೆಳಗೆ ಬಡಿಯಿತು. ದೂಳು ಇಳಿದಾಗ ತಮ್ಮ ಎರಡೂ ಕಿವಿ ಮುಚ್ಚಿಕೊಂಡು, ಬರಿಗಾಲು ನೆಲಕ್ಕೆ ತಾಗದ ಹಾಗೆ ಗೋಣಿಚೀಲದಂತೆ ಮುದುಡಿ ಕೂತು, ಒಂದೇ ಸಮನೆ ಕಿರುಚುತ್ತಿದ್ದ. ಅವನ ಮುಂದೆ ಒಂದು ಮೆಟ್ಟು ನೆಟ್ಟಗೆ ಇಟ್ಟಿತ್ತು.

ಅಜ್ಜಿಯ ಕಾಲಿಗೆ ಬಟ್ಟೆ ಕಟ್ಟಿ ಬಸ್ಸಿಗೆ ಸಾಗಿಸುವಾಗ ಅದೇ ಬೋರ್ಡನ್ನು ದಾಟಿ ಬರಬೇಕಾಯಿತು. ತಮ್ಮನ ಅಳು ನಿಂತಿರಲಿಲ್ಲ, ಬಿಕ್ಕುತ್ತಿದ್ದ. ಬೋರ್ಡಿನ ಮುಂದೆ ನಿಂತ. ಬಿಕ್ಕುತ್ತಲೇ ಓದಿದ. "ಅಪಾಯ. ಬಂಡೆ ಸಿಡಿಸುವ ಸ್ಥಳ." ನಾನು ಅವನ ಬಾಯಿ ಮುಚ್ಚಿ ಹಿಡಿದೆ.

ಸುದ್ದಿ ಹೋಗಿ ಅಪ್ಪ ಹೊಳೇನರಸೀಪುರದ ಆಸ್ಪತ್ರೆಗೆ ಬಂದ. ರಸ್ತೆ ಕೆಲಸದ ಮೇಸ್ತ್ರಿಯೂ ಜೊತೆಗೆ ಬಂದಿದ್ದ, ಪೊಲೀಸಿನವರ ತನಕ ಹೋದರೆ ಕಷ್ಟ ಎಂಬ ಭಯ ಅವನಿಗೆ.

"ಬೋರ್ಡ್ ನೆಟ್ಟಿದ್ವಿ ಸಾ. ಬಾವುಟ ಕಟ್ಟಿದ್ವಿ, ಸೀಟಿ ಊದಿದ್ವಿ. ನಿಮ್ ಉಡುಗ ನಿಂತ್ಕಂಡು ಓದ್ದ, ಸುದ್ದವಾಗಿ ಓದ್ದ. ಬಸ್ನೋರೆಲ್ಲ ಕೇಳವ್ರೆ. ಓದ್ ಬಾರದೋನಾಗಿದ್ರೆ ನಮ್ ತಪ್ಪು ಅನ್ಬೌದಿತ್ತು."

ಅಪ್ಪ ತಮ್ಮನ ಕಪಾಳಕ್ಕೆ ಹೊಡೆದ. "ಓದ್ಬುಟ್ಟೂ ಓಗವ್ನೆ! ಕೊಬ್ಬು, ಇದು ಕೊಬ್ಬು! ಮುದುಕೀನ ಕೊಲ್ಲಕ್ ಓಗಿದ್ದ!"

"ಅಪ್ಪಾ, ಅವನಿಗೆ ತಿಳಿಯಲ್ಲ..."

"ಓದ್ನೋ ಇಲ್ವೋ, ಅಷ್ಟೇಳು!"

ಓದಿದ. ನಾನೇ ಕೇಳಿದ್ದೆ. ಅದೇ ಸಂಕಟ. ಅವನು ಕುರುಡನಾಗಿದ್ದರೆ, ಕಿವುಡನಾಗಿದ್ದರೆ, ಹೆಬ್ಬೆಟ್ಟಿನವನಾಗಿದ್ದರೆ ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದರು. ಅವನ ನಾಲಿಗೆ ಅಷ್ಟು ಶುದ್ಧವಾಗಿದ್ದದ್ದೇ ಅವನ ಮೇಲಿನ ಸಾಕ್ಷಿಯಾಯಿತು.

ಊರಿಗೆ ಬಂದ ಮೇಲೆ ಅಪ್ಪನ ಹಟ ಇನ್ನೂ ಬಲಿಯಿತು. ಕೆಲಸಕ್ಕೆ ಹಾಕಿದರೆ ಮೈ ಬಗ್ಗುತ್ತದೆ, ಬರುವ ಸೋಮವಾರವೇ ಕಳಿಸುತ್ತೇನೆ ಎಂದ. ನಾನು ಸ್ಲೇಟು ತಂದೆ. ಅಪ್ಪನ ಎದುರಿಗೇ ತಮ್ಮನನ್ನು ಕೂರಿಸಿ, "ಅಪ್ಪನ ತಲೆಯ ಮೇಲಿನ ಟೋಪಿ ತೆಗೆ" ಎಂದು ಬರೆದು ತೋರಿಸಿದೆ. ತಮ್ಮ ಓದಿದ. ಕೂತೇ ಇದ್ದ.

"ನೋಡಪ್ಪಾ" ಎಂದೆ.

"ಏನ್ ನೋಡೋದು? ಎತ್ತಪ್ಪನ್ ಟೋಪಿಗೆ ಕೈ ಆಕಾನಾ? ನಿನ್ಗಿಲ್ಲದ ಮರ್ವಾದೆ ಅವ್ನಿಗಿದೆ!"

ಬಾಳೆಹಣ್ಣು ತಂದು ಅವನ ಮುಂದಿಟ್ಟೆ. "ಈ ಹಣ್ಣು ತಿನ್ನು" ಎಂದು ಬರೆದೆ. ಓದಿದ. ಹಣ್ಣನ್ನು ನೋಡಿದ, ಮತ್ತೆ ಸ್ಲೇಟು ನೋಡಿದ. ಅಷ್ಟರಲ್ಲಿ ಅಪ್ಪನಿಗೆ ತಡೆಯಲಾಗಲಿಲ್ಲ, ಸಿಪ್ಪೆ ಸುಲಿದು ಅವನ ಬಾಯಿಗೆ ಹಿಡಿದ. ತಮ್ಮ ತಿಂದ. "ತಿಂದ್ನಲ್ಲ! ಇನ್ನೇನ್ ಬೇಕು ನಿಂಗೆ?" ನಾನು ಸ್ಲೇಟನ್ನು ಅಂಗಳಕ್ಕೆ ಎಸೆದೆ. ಅದು ಒಡೆಯಿತು. ತಮ್ಮ ಎದ್ದು ಹೋಗಿ ಚೂರುಗಳ ಮೇಲೆ ಉಳಿದಿದ್ದ ಅಕ್ಷರಗಳನ್ನು ಓದತೊಡಗಿದ.

ಇದನ್ನೆಲ್ಲ ಮೂಲೆಯಲ್ಲಿ ಕಾಲು ಚಾಚಿಕೊಂಡು ಮಲಗಿದ್ದ ಅಜ್ಜಿ ನೋಡುತ್ತಿದ್ದಳು. ಮಾತು ಕೇಳಿಸದಿದ್ದರೂ ಮುಖಗಳು ಕಾಣುತ್ತಿದ್ದವು. ನನ್ನನ್ನು ಹತ್ತಿರ ಕರೆದು, ಜಗಳ ಯಾತಕ್ಕೆ ಎಂದು ಕೈಸನ್ನೆಯಲ್ಲಿ ಕೇಳಿದಳು. ನಾನು ಅವಳ ಕಿವಿಗೆ ಬಾಯಿಟ್ಟು, ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ: "ಬೋರ್ಡಲ್ಲಿ ಏನ್ ಬರ್ದಿತ್ತು ಅಂತ ಅನ್ಕಂಡಿದ್ದೆ ಅಜ್ಜೀ?"

ಅಜ್ಜಿ ಅಂಗಳದಲ್ಲಿ ಚೂರು ಓದುತ್ತಿದ್ದ ಮೊಮ್ಮಗನ ಕಡೆ ನೋಡಿದಳು.

"ನಂಗ್ ಕೇಳುಸ್ಲಿಲ್ಲ ಕಣವ್ವ" ಎಂದಳು. ಅವಳು ಆ ಮಾತನ್ನು ಒಪ್ಪಿಕೊಂಡದ್ದು ಅದೇ ಮೊದಲು. "ಅವ್ನ್ ಬಾಯಾಡ್ತಿತ್ತು. ಆಮೇಲೆ ಕಾಲು ಮುಂದ್ಕಿಟ್ಟ. ಓಗ್ಬೌದು ಅಂತ ಬರ್ದವ್ರೆ ಅನ್ಕಂಡೆ, ನಾನೂ ಕಾಲ್ ಆಕ್ದೆ." ಆಮೇಲೆ ಅಪ್ಪನ ಕಡೆ ತಿರುಗಿದಳು. "ಮದ್ಲೆಲ್ಲ ನಾ ನಿಲ್ಲುಸ್ತಿದ್ದೆ ಕಣಪ್ಪ. ಅವ ಓದ್ತಿದ್ದ, ನಾ ಕೇಳಿ ನಿಲ್ಲುಸ್ತಿದ್ದೆ. ಅವ್ನಾಗೇ ಒಂದಿನಾನೂ ನಿಂತೋನಲ್ಲ. ಅದ್ನ ನಾನೇ ಇವತ್ತು ಅರ್ಥ ಮಾಡ್ಕಂಡೆ. ನನ್ನ ಕೊಂದ್ರೂ ಸರಿ, ಅವ್ನ ಒಬ್ನೇ ಕಳುಸ್ಬ್ಯಾಡ."

ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಸೋಮವಾರ ಬಂತು, ಹೋಯಿತು. ಕೆಲಸ ಬೇರೆಯವರಿಗೆ ಸಿಕ್ಕಿತು. ಅಪ್ಪನಿಗೆ ತಿಳಿಯಿತು ಎಂದು ನಾನು ಹೇಳಲಾರೆ. ತನ್ನ ಹೆತ್ತವ್ವನ ಮಾತು ಮೀರಲಾರದೆ ಬಿಟ್ಟುಕೊಟ್ಟ, ಅಷ್ಟೆ. "ಸರ್ಕಾರಿ ಕೆಲ್ಸ ಕೈಗ್ ಬಂದಿತ್ತು, ನನ್ ಮಗಳು ಓದ್ಕಂಡಿದ್ದು ಜಾಸ್ತಿಯಾಗಿ ತಪ್ಪೋಯ್ತು" ಎಂದು ನೆಂಟರ ಮುಂದೆ ಸಾಯುವ ತನಕ ಹೇಳಿಕೊಂಡೇ ಇದ್ದ. ಮಳೆ ತಡವಾದಾಗ ಊರವರು ಪುರಾಣಕ್ಕೆ ಕರೆಯಲು ಬಂದರೆ ಆಮೇಲೂ ಅವನೇ ಮುಂದೆ ನಿಂತು ಮಗನ ಹಣೆಗೆ ವಿಭೂತಿ ಹಚ್ಚುತ್ತಿದ್ದ.

ನಾನು ತಮ್ಮನಿಗೆ ಕಲಿಸಲು ಹೊರಟೆ. "ನಿಲ್ಲು" ಎಂದು ಬರೆದು, ಅವನ ಹೆಗಲು ಹಿಡಿದು ನಿಲ್ಲಿಸುವುದು. ನಮ್ಮ ಅಂಗಳದಲ್ಲಿ ಕಲಿತ. ಅದೇ ಹಲಗೆಯನ್ನು ಬೀದಿಗೆ ಒಯ್ದರೆ ಓದಿ ಮುಂದೆ ನಡೆದ. ಬೀದಿಯಲ್ಲಿ ಕಲಿಸಿದೆ, ಕೆರೆ ಏರಿಯ ಮೇಲೆ ಮರೆತ. ಒಂದು ಇಡೀ ಬೇಸಿಗೆ ಹೀಗೆ ಕಳೆಯಿತು. ಕೆಲವು ದಿನ ಅವನ ಹೆಗಲು ಹಿಡಿದು ಅಲ್ಲಾಡಿಸಿ ಅಳುತ್ತಿದ್ದೆ. "ಅಳ್ಬ್ಯಾಡ ಕಣವ್ವ" ಎಂದು ಅವ್ವ ನನಗೆ ಹೇಳಿದರೆ ಅವನೂ "ಅಳ್ಬ್ಯಾಡ ಕಣವ್ವ" ಎನ್ನುತ್ತಿದ್ದ. ಅದು ಅವನ ಮಾತೋ ಅವ್ವನ ಮಾತೋ ಎಂದು ಯೋಚಿಸುವುದನ್ನು ಆಮೇಲೆ ಬಿಟ್ಟೆ.

ಕೊನೆಗೆ ನಾನು ಕಲಿಸುವುದನ್ನು ಬಿಟ್ಟು ಬಣ್ಣದ ಡಬ್ಬಿ ತಂದೆ. ನಮ್ಮ ತೋಟದ ಬಾವಿಗೆ ಕಟ್ಟೆ ಇರಲಿಲ್ಲ. ಅದರ ದಾರಿಯಲ್ಲಿ ಒಂದು ಹಲಗೆ ನೆಟ್ಟು ದೊಡ್ಡ ಅಕ್ಷರದಲ್ಲಿ ಬರೆದೆ: ಮೆಟ್ ಬುಡು ಮಗಾ. ತಮ್ಮ ಬಂದ, ಗಟ್ಟಿಯಾಗಿ ಓದಿದ. ತನ್ನ ಧ್ವನಿಯೇ ತನ್ನ ಕಿವಿಗೆ ಬಿತ್ತು. ಎರಡನೆಯ ಸಲ ಓದುವಾಗ ಅದಕ್ಕೆ ಅಜ್ಜಿಯ ರಾಗ ಬಂತು. ಬಗ್ಗಿದ. ಮೆಟ್ಟು ಬಿಚ್ಚಿ ಜೋಡಿಸಿಟ್ಟ. ಬರಿಗಾಲಲ್ಲಿ ಮಣ್ಣಿನ ಮೇಲೆ ಮುಂದಿನ ಹೆಜ್ಜೆ ಇಡಲು ಅವನಿಂದ ಆಗುವಂತಿರಲಿಲ್ಲ. ಅಲ್ಲೇ ಕೂತ. ನಾನು ಹೋಗಿ ಮೆಟ್ಟು ಹಾಕಿಸಿ ಮನೆ ಕಡೆ ತಿರುಗಿಸಿದೆ. ಆಮೇಲೆ ಕೆರೆ ಏರಿಯ ಮೇಲೆ ಒಂದು, ನಮ್ಮ ಬೀದಿ ಹೊಳೇನರಸೀಪುರದ ರಸ್ತೆಗೆ ಸೇರುವಲ್ಲಿ ಒಂದು ಹಲಗೆ ನೆಟ್ಟೆ.

ಊರು ನಕ್ಕಿತು. "ಮೇಡಮ್ಮೋರು ಬಾವೀಗೂ ಮಡಿ ಮಾಡವ್ರೆ" ಎಂದರು. ರಸ್ತೆ ಸೇರುವಲ್ಲಿದ್ದ ಹಲಗೆಯ ಎದುರು ಅರಕಲಗೂಡಿನ ಕಡೆಯಿಂದ ಬಂದ ಯಾರೋ ಪರಸ್ಥಳದವರು ಒಮ್ಮೆ ಮೆಟ್ಟು ಕಳಚಿ, ಇಲ್ಲಿ ಯಾವ ದೇವರು ಎಂದು ಕೇಳಿದರಂತೆ. ಕೆಲವು ಹೆಂಗಸರು ಅದಕ್ಕೆ ಅರಿಸಿನ ಕುಂಕುಮವನ್ನೂ ಇಟ್ಟರು. ನಾನು ಒರಸಿದೆ, ಅವರು ಮತ್ತೆ ಇಟ್ಟರು. ಹಲಗೆಯನ್ನು ಕೀಳದಿದ್ದರೆ ಸಾಕು ಎಂದು ಸುಮ್ಮನಾದೆ.

ತಮ್ಮ ಬಹಳ ವರ್ಷ ಬದುಕಿದ. ಬಾವಿಗೆ ಬೀಳಲಿಲ್ಲ, ಬಸ್ಸಿನ ಕೆಳಗೆ ಹೋಗಲಿಲ್ಲ. ಓದುವುದನ್ನು ನಿಲ್ಲಿಸಲಿಲ್ಲ. ಅಜ್ಜಿ ಕುಂಟುತ್ತ ಇನ್ನು ಕೆಲವು ವರ್ಷ ಅವನ ತೋಳು ಹಿಡಿದು ನಡೆದಳು. ಕಿವಿ ಪೂರ್ತಿ ಹೋದ ಮೇಲೆ ಅವನು ಓದುವಾಗ ಅವಳು ಅವನ ಬಾಯಿ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು, ನಿಲ್ಲಬೇಕೋ ಹೋಗಬೇಕೋ ಎಂದು.

ನನಗೆ ಮಾತ್ರ ಆ ಬೆಳಿಗ್ಗೆ ಮುಗಿಯುವುದಿಲ್ಲ. ಬಂಡೆ ಬಿದ್ದದ್ದಕ್ಕಿಂತ ಹೆಚ್ಚಾಗಿ ಅದಕ್ಕೂ ಮುಂಚಿನದು. ಅಂಗಳದಲ್ಲಿ ತಮ್ಮ ಒಂದು ಕಾಲು ಎತ್ತಿಕೊಂಡು ನಿಂತಿದ್ದಾನೆ. ಬಾರು ಕಿತ್ತ ಮೆಟ್ಟು ಅಜ್ಜಿಯ ಕೈಯಲ್ಲಿದೆ. ಬುಡತ್ತೆ, ಬಟ್ಟೆ ಸುತ್ಕಂಡು ಬರ್ಲಿ ಎನ್ನುತ್ತಿದ್ದಾಳೆ ಅವ್ವ. ಬಸ್ಸಿಗೆ ಹೊತ್ತಾಯಿತು ಎಂದು ನಾನು ಬಾಗಿಲಲ್ಲಿ ಚಡಪಡಿಸುತ್ತಿದ್ದೇನೆ. ಅಜ್ಜಿಗೆ ಅದು ಕೇಳಿಸುವುದಿಲ್ಲ. ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಾಳೆ.